ಮೀನು ಬಿಟ್ಟ ಸಿಸ್ಟರ್‌ಬಾಯಿ

ನನ್ನ ಕೈಯ ಮೀನುಸಾರಿಗೆ ಉಪ್ಪು ಕಡಿಮೆ ಎಂದು ಬಾಯಿಬಿಟ್ಟು ಹೇಳಿದವರು ಒಬ್ಬರೇ. ನನ್ನ ಗಂಡ ಇದ್ದಷ್ಟು ದಿನ ಹೇಳಲಿಲ್ಲ, ಪಾಪ, ಹೇಳುವ ಧೈರ್ಯವಿರಲಿಲ್ಲ. ತಮ್ಮ ಮಾದೇವ ಹೇಳುವುದಿಲ್ಲ, ಅವನ ಕಣ್ಣೆಲ್ಲ ತನ್ನ ಪಾಲಿಗೆ ಬಂದ ತುಂಡಿನ ಗಾತ್ರದ ಮೇಲೆ. ಆದರೆ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದ ಆ ಕ್ರೈಸ್ತ ಸಿಸ್ಟರ್, ಪರಿಚಯವಾಗಿ ವಾರ ಕಳೆಯುವುದರೊಳಗೆ, ನನ್ನ ಅಡುಗೆಮನೆಯ ಮಣೆಯ ಮೇಲೆ ಕೂತು, ಬಂಗಡೆಯ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತ ಹೇಳಿದರು:

"ಅಕ್ಕೋರೇ, ಸಿಟ್ಟು ಮಾಡ್ಕಣಬೇಡಿ. ಉಪ್ಪು ಕಮ್ಮಿ ಆತು."

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು. ನಾನು ಹೆಬಳೆಯ ಶಾಲೆಯಲ್ಲಿ ಬಹಳ ಕಾಲ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳು, ಈಗ ನಿವೃತ್ತಳು. ತಪ್ಪು ತಿದ್ದುವುದು ನನ್ನ ಕಸುಬು. ಇನ್ನೊಬ್ಬರು ನನ್ನನ್ನು ತಿದ್ದಿದರೆ ಮೈ ಉರಿಯುತ್ತದೆ. "ನಿಮ್ಮ ಮಠದಾಗೆ ಉಪ್ಪಿನಕಾಯಿ ನೆಕ್ಕಿ ನೆಕ್ಕಿ ನಾಲಿಗೆ ಸತ್ತು ಹೋಗದೆ" ಎಂದೆ. ಅವರು ನಕ್ಕು ಇನ್ನೊಂದು ತುಂಡು ಹಾಕಿಸಿಕೊಂಡರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಒಮ್ಮೆ ಯಾರೋ ಪೇಪರಿನವರು ಫೋಟೋ ತೆಗೆಯಲು ಬಂದಾಗ ಛತ್ರಿ ಅಡ್ಡ ಹಿಡಿದುಕೊಂಡು ನಮ್ಮ ಹಿತ್ತಿಲ ಬಾಗಿಲಿಂದ ಒಳಗೆ ನುಗ್ಗಿದ್ದರು. ಭಟ್ಕಳದ ಬಂದರಿನಲ್ಲಿ ಎಲ್ಲರೂ ಅವರನ್ನು ಸಿಸ್ಟರ್‌ಬಾಯಿ ಎನ್ನುತ್ತಿದ್ದರು. ಇಲ್ಲಿಯೂ ಹಾಗೇ ಇರಲಿ.

ಹುಟ್ಟಿದ್ದು ಹೊನ್ನಾವರ ತಾಲೂಕಿನ ಮಂಕಿಯಲ್ಲಿ. ಮನೆಮಾತು ಕೊಂಕಣಿ, ಆದರೆ ಕನ್ನಡ ನಮ್ಮಂತೆಯೇ ಆಡುತ್ತಿದ್ದರು. ಹಿಂದಿ ಮಾತ್ರ ದೇವರಿಗೇ ಪ್ರೀತಿ. ಬೂದುಬಣ್ಣದ ಹತ್ತಿ ಸೀರೆ, ನೀಲಿ ಹವಾಯಿ ಚಪ್ಪಲಿ, ಬೇಸಿಗೆಯಲ್ಲೂ ಕಂಕುಳಲ್ಲಿ ಛತ್ರಿ. ಜೊತೆಗೊಬ್ಬರು ಕಿರಿಯ ಸಿಸ್ಟರ್ ಇದ್ದರು, ಮೆತ್ತಗಿನವರು, ಮನೆಬಾಗಿಲಲ್ಲಿ ಹೊಲಿಗೆ ಕಲಿಸುತ್ತಿದ್ದರು. ಸಿಸ್ಟರ್‌ಬಾಯಿ ಮಾತ್ರ ಬೆಳಗಾದರೆ ದಕ್ಕೆಯಲ್ಲಿ, ಎಂದರೆ ಬೋಟುಗಳು ಬಂದು ನಿಲ್ಲುವ ಕಟ್ಟೆಯಲ್ಲಿ. ಮೀನಿನ ರಾಶಿಯ ಎದುರು ಕುಕ್ಕರುಗಾಲಲ್ಲಿ ಕೂತು, ಕಿವಿರು ಎತ್ತಿ ನೋಡಿ, "ಇದು ನಿನ್ನೇದು ಮಾರಾಯ್ತಿ, ನಂಗೇ ಹೇಳ್ತ್ಯಾ?" ಎಂದು ಕೊಂಕಣಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಜಗಳಾಡುತ್ತಿದ್ದರು. ಮೀನೆಂದರೆ ಅವರಿಗೆ ಪ್ರಾಣ. ತಾರ್ಲೆ ಮೀನು ಹುರಿದ ವಾಸನೆ ಬಂದರೆ ಜಪಮಾಲೆಯನ್ನೂ ಬೇಗ ಬೇಗ ಮುಗಿಸುತ್ತಾರೆ ಎಂದು ಕಿರಿಯ ಸಿಸ್ಟರೇ ಚಾಡಿ ಹೇಳಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ ಮುಂದೆ ಬೇಕಾಗುತ್ತದೆ.

ಅವರು ಬಂದದ್ದು ಹೊರಗಿನಿಂದ ಬಂದ ಕೂಲಿಯವರಿಗಾಗಿ. ನಮ್ಮ ಹುಡುಗರಿಗೆ ಬೋಟಿನ ಕೆಲಸ ಬೇಡವಾಗಿದೆ. ಬಲೆ ಎಳೆಯುವವರು ಈಗ ಜಾರ್ಖಂಡ್, ಒಡಿಶಾ, ಆಂಧ್ರದವರು. ಅವರಿಗೆಲ್ಲ ಬಂದರಿನಲ್ಲಿ ಒಂದೇ ಹೆಸರು, ಭೈಯಾ. ಕಪ್ಪಗಿದ್ದರೂ ಭೈಯಾ, ಕುಳ್ಳಗಿದ್ದರೂ ಭೈಯಾ, ಜ್ವರ ಬಂದು ಮಲಗಿದರೂ "ಆ ಬೋಟಿನ ಭೈಯಾ ಮಲಗಿದಾನೆ". ಸಿಸ್ಟರ್‌ಬಾಯಿ ಒಬ್ಬೊಬ್ಬರ ಹತ್ತಿರ ಹೋಗಿ ಹೆಸರು ಕೇಳುತ್ತಿದ್ದರು. ಅಷ್ಟಕ್ಕೆ ಬಿಡುತ್ತಿರಲಿಲ್ಲ, ತಾಯಿಯ ಹೆಸರನ್ನೂ ಕೇಳುತ್ತಿದ್ದರು. "ಅದೆಂತಕ್ಕೆ?" ಎಂದು ನಾನು ಕೇಳಿದ್ದೆ.

"ಇವ್ನ ಹೆಸ್ರು ನಾನು ಮರ್ತು ಬಿಡೂದು. ತಾಯಿ ಹೆಸ್ರು ಮರೆಯೂದಿಲ್ಲ. ಹೆಂಗಸರ ಹೆಸ್ರು ನಂಗೆ ನೆನಪಿರ್ತದೆ."

ಒಮ್ಮೆ ಕೈಗೆ ಹಗ್ಗ ಸಿಕ್ಕಿ ಬೆರಳು ಜಜ್ಜಿಹೋದ ಒಬ್ಬನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರಂತೆ. "ನೀವು ಇವರಿಗೆ ಎಂತಾಗ್ಬೇಕು?" ಎಂದು ನರ್ಸು ಕೇಳಿದಳು. "ಸೋದರತ್ತೆ" ಎಂದರು ಇವರು, ಮುಖದ ಒಂದು ಗೆರೆ ಅಲುಗಿಸದೆ. ಸೀರೆ ನೋಡಿ, ಕೊರಳ ಶಿಲುಬೆ ನೋಡಿ, ಆ ಹುಡುಗನ ಕೊರಳಿನ ಹನುಮಂತನ ತಾಯಿತ ನೋಡಿ, ನರ್ಸು ಹಾಗೇ ಬರೆದುಕೊಂಡಳು. ಅಂದಿನಿಂದ ಆ ಬೋಟಿನವರಿಗೆಲ್ಲ ಅವರು ಬುವಾ, ಎಂದರೆ ಸೋದರತ್ತೆ.

ಎಲ್ಲರೂ ಮೆಚ್ಚಿಕೊಂಡಿದ್ದರು ಎಂದಲ್ಲ. ಮತಾಂತರ ಮಾಡಲು ಬಂದವರು ಎಂದು ಗುಸುಗುಸು ಎದ್ದಿತು. ಆಗ ಬದುಕಿದ್ದ ನನ್ನ ಆಯಿ, ನಮ್ಮನ್ನು ಹೆತ್ತು, ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಸಾಕಿದವಳು, ಕಟ್ಟೆಯ ಮೇಲೆ ಕೂತು ಹೇಳಿದಳು: "ಆ ಬಾಯಿ ಬಂದು ಇಷ್ಟು ಕಾಲ ಆತು. ಒಬ್ರೂ ಇಗರ್ಜಿಗೆ ಹೋದ್ದು ನಾ ಕಾಣ್ಲಿಲ್ಲ. ಅವ್ಳೇ ನಮ್ಮ ಕೇರಿಯವ್ಳಂಗೆ ಬೈಯ್ಯೂಕೆ ಕಲ್ತಳೆ. ಯಾರು ಯಾರ ಮತಕ್ಕೆ ಬಂದ್ರೋ ನೀವೇ ಹೇಳಿ." ಗುಸುಗುಸು ಪೂರ್ತಿ ನಿಲ್ಲಲಿಲ್ಲ. ನಮ್ಮ ಮನೆಯೆದುರು ಮಾತ್ರ ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಬೋಟಿನ ಧಣಿಗಳ ಜೊತೆ ಜಗಳ ತೆಗೆಯುವಾಗ ಅವರದ್ದು ಒಂದೇ ಮಾತು. ಕಾನೂನು ಹೇಳುತ್ತಿರಲಿಲ್ಲ, ದೇವರನ್ನು ಎಳೆದು ತರುತ್ತಿರಲಿಲ್ಲ. "ಹೆಚ್ಚು ಬೇಡ. ನಿಮ್ಮ ಮನೆಯವ್ರಿಗೆ ಎಷ್ಟು ಮಾಡ್ತ್ರೋ ಅಷ್ಟು ಮಾಡಿ." ಕುಡಿಯುವ ನೀರಿಗೂ ಇದೇ ಮಾತು, ತಡೆದಿಟ್ಟ ಪಗಾರಕ್ಕೂ ಇದೇ ಮಾತು. ನನ್ನ ತಮ್ಮ ಮಾದೇವನಿಗೂ ಒಂದು ಬೋಟಿದೆ. ಅವನು ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದ. "ಅಕ್ಕ, ನಿನ್ನ ಗೆಳತಿ ಬತ್ತಾ ಇದಾಳೆ, ನಾ ಇಲ್ಲ ಹೇಳು" ಎಂದು ಹಿತ್ತಿಲಿಗೆ ಹೋಗುತ್ತಿದ್ದ. ಅವರು ಬಂದು, ಹಿತ್ತಿಲಿಗೆ ಕೇಳುವಷ್ಟು ದೊಡ್ಡದಾಗಿ, "ಮಾದೇವ ಇಲ್ವಂತಾ? ಇಲ್ಲದವ್ರ ಚಪ್ಪಲಿ ಯಾಕೆ ಬಾಗಿಲಲ್ಲಿ ಅದೆ ಅಕ್ಕೋರೇ?" ಎನ್ನುತ್ತಿದ್ದರು.

ಇನ್ನು ನಮ್ಮ ಕೇರಿಯ ಒಂದು ರೂಢಿ ಹೇಳಬೇಕು. ನಮ್ಮವನೊಬ್ಬ ಸಮುದ್ರದ ಪಾಲಾದರೆ ಬಂದರಿನ ಯಾವ ಬೋಟೂ ಬಲೆ ಬಿಡುವುದಿಲ್ಲ, ಹುಡುಕಲು ಮಾತ್ರ ಹೋಗುತ್ತವೆ. ಕೇರಿಯ ಯಾವ ಮನೆಯಲ್ಲೂ ಮೀನು ಬೇಯುವುದಿಲ್ಲ. ಅವನು ಮಲಗಿದ ನೀರಿನ ಮೀನು ತಿನ್ನುವುದು ಹೇಗೆ? ಹೆಣ ಸಿಕ್ಕಿ ಸಂಸ್ಕಾರ ಆಗಬೇಕು. ಸಿಗದೇ ಹೋದರೆ ಹಿರಿಯರು ತೆಂಗಿನ ಗರಿಯಲ್ಲಿ ಮನುಷ್ಯನ ಆಕಾರ ಮಾಡಿ, ಅವನ ಹೆಸರು ಕೂಗಿ, ದಂಡೆಯಲ್ಲಿ ಸುಡುತ್ತಾರೆ. ಮಾರನೆಯ ದಿನ ಮೀನುಸಾರು ಮಾಡಿ ಮೊದಲು ಸತ್ತವನ ತಾಯಿಗೆ ಬಡಿಸುತ್ತಾರೆ. ಅವಳು ಒಂದು ತುತ್ತು ಉಂಡ ಮೇಲೆ ಕೇರಿ ಉಣ್ಣುತ್ತದೆ. ತಾಯಿ ಇಲ್ಲದಿದ್ದರೆ ಹೆಂಡತಿ, ಅವಳೂ ಇಲ್ಲದಿದ್ದರೆ ಮಕ್ಕಳು.

ನಮ್ಮ ದೊಡ್ಡಣ್ಣ ಹಾಗೆ ಹೋದವನು, ನಾನಿನ್ನೂ ಓದುತ್ತಿದ್ದಾಗ. ಅವನ ಹೆಣ ಸಿಗಲಿಲ್ಲ. ಗರಿ ಸುಟ್ಟ ಮಾರನೆಯ ದಿನ ಆಯಿಯ ಮುಂದೆ ತಟ್ಟೆ ಇಟ್ಟರು. ಅವಳು ತುತ್ತು ಬಾಯಿಗಿಟ್ಟುಕೊಂಡು ನುಂಗದೆ ಕೂತಳು. ಇಡೀ ಕೇರಿ ನಮ್ಮ ಅಂಗಳದಲ್ಲಿ ನಿಂತು ಕಾಯಿತು. ಮಾದೇವ ಅವಳ ಸೆರಗು ಹಿಡಿದುಕೊಂಡು "ನುಂಗೇ ಆಯಿ, ನುಂಗೇ" ಎನ್ನುತ್ತಿದ್ದ. ನುಂಗಿದ ಮೇಲೆಯೇ ಅವಳು ಅತ್ತದ್ದು.

ಸಿಸ್ಟರ್‌ಬಾಯಿ ಬಂದು ಕೆಲವು ವರ್ಷಗಳಾಗಿದ್ದವು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದಿದ್ದವಷ್ಟೇ. ಬಂಗಡೆ ರಾಶಿ ರಾಶಿ ಬೀಳುತ್ತಿತ್ತು. ಆಗ ಮಾದೇವನ ಬೋಟಿನಿಂದ ಒಬ್ಬ ಭೈಯಾ ಸಮುದ್ರಕ್ಕೆ ಬಿದ್ದ. ಹೆಸರು ಸುಕ್ರಾ, ಜಾರ್ಖಂಡಿನವನು. ಅದೇ ಬೋಟಿನಲ್ಲಿ ಅವನ ಸ್ವಂತ ಅಣ್ಣ ಬುಧುವಾ ಇದ್ದ. ಬಲೆ ಎಳೆಯುವಾಗ ತೆರೆ ಹೊಡೆಯಿತು, ಸುಕ್ರಾ ಕಾಲು ಜಾರಿದ, ಬುಧುವಾ ನೋಡುತ್ತಿದ್ದಂತೆ ನೀರು ಮುಚ್ಚಿತು. ಮಾದೇವ ಸಂಜೆಯವರೆಗೆ ತನ್ನ ಬೋಟಿನಲ್ಲಿ ಸುತ್ತುಹಾಕಿ ಹುಡುಕಿ ಬರಿಗೈಯಲ್ಲಿ ಬಂದ.

ಮರುದಿನ ಬೆಳಗ್ಗೆ ಸಿಸ್ಟರ್‌ಬಾಯಿ ದಕ್ಕೆಗೆ ಹೋದಾಗ ಬೋಟುಗಳೆಲ್ಲ ಬಲೆ ಹೇರಿಕೊಂಡು ಹೊರಡಲು ನಿಂತಿದ್ದವು. ಹುಡುಕಲು ಹೊರಟಿರಬೇಕು ಎಂದೇ ಇವರು ತಿಳಿದಿದ್ದರು. ನಮ್ಮ ರೂಢಿ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

"ಬಲೆ ಯಾಕೆ ಹೇರಿದ್ರಿ?" ಎಂದು ಕೇಳಿದರು.

ಎಲ್ಲರೂ ಮಾದೇವನ ಕಡೆ ನೋಡಿದರು. ಕೊನೆಗೆ ಮಾದೇವನೇ ಹೇಳಿದ, "ಬಾಯಿ, ಅದು ನಮ್ಮವ್ರಿಗೆ ಮಾಡೂದು."

"ನಿನ್ನ ಬೋಟಲ್ಲೇ ಇದ್ನಲ್ಲ. ನಿನ್ನ ಅನ್ನ ಉಂಡ್ನಲ್ಲ."

"ನಿನ್ನೆ ಹುಡುಕ್ದೆ. ನಂದೊಂದು ಬೋಟು ನಿಲ್ಸಿದ್ರೆ ಎಂತಾತು? ಉಳದವ್ರು ಕೇಳ್ತ್ರಾ? ಹಂಗಾಮು ಈಗ ಶುರುವಾಗದೆ."

"ಹೆಚ್ಚು ಬೇಡ ಮಾದೇವ. ನಿನ್ನ ಅಣ್ಣಂಗೆ ಎಷ್ಟು ಮಾಡಿದ್ರೋ ಅಷ್ಟೇ."

ಮಾದೇವನ ಮುಖ ಕೆಂಪಾಯಿತಂತೆ. ಅಣ್ಣನ ಮಾತು ಎತ್ತಿದ್ದು ಅವನಿಗೆ ನಾಟಿತು, ನಾಟಿದ್ದಕ್ಕೇ ಸಿಟ್ಟು ಬಂತು. ಅವನು ಎಂಜಿನ್ನು ಶುರು ಮಾಡಿಸಿದ. ಬೋಟುಗಳು ಹೋದವು. ದಕ್ಕೆಯ ಮೇಲೆ ಉಳಿದವರು ಸಿಸ್ಟರ್‌ಬಾಯಿ ಮತ್ತು ಬುಧುವಾ ಇಬ್ಬರೇ. ಬುಧುವಾ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತಿದ್ದ, ಇವರು ಅವನ ಪಕ್ಕದಲ್ಲಿ ನೆಲದ ಮೇಲೆ. ಸಂಜೆ ಬೋಟುಗಳು ಬಂಗಡೆ ತುಂಬಿಕೊಂಡು ಬಂದಾಗಲೂ ಹಾಗೇ ಕೂತಿದ್ದರು. ಸುಕ್ರಾ ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಕೇರಿಯ ತುಂಬ ಅಂದು ಬಂಗಡೆಯ ವಾಸನೆ. ನಾನು ಶಾಲೆಯಿಂದ ಬಂದು ವಿಷಯ ತಿಳಿದು, ಸಿಸ್ಟರ್‌ಬಾಯಿ ಬೆಳಗಿನಿಂದ ಏನೂ ತಿಂದಿರಲಿಕ್ಕಿಲ್ಲ ಎಂದು ಅನ್ನ, ಬಂಗಡೆ ಸಾರು ತೆಗೆದುಕೊಂಡು ಹೋದೆ. ಅವರು ಪಾತ್ರೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು.

"ಅಕ್ಕೋರೇ, ನಿಮ್ಮ ಕೇರಿಯ ರೂಢಿ ನಿಮಗೆ ಬೇಡದಿದ್ರೆ ನಂಗೆ ಕೊಡಿ. ಅವ್ನು ಸಿಗೂ ತನಕ ನಾನು ಮೀನು ಬಿಟ್ಟೆ."

ಎರಡು ದಿನದ ಮಾತು ಎಂದುಕೊಂಡೆ. ಆ ಮೀನುಬಾಕ ಹೆಂಗಸು ಎಷ್ಟು ದಿನ ತಡೆದಾರು! ವಾರವಾಯಿತು, ಕ್ರಿಸ್‌ಮಸ್ ಬಂತು, ಮುಂದಿನ ಮಳೆಗಾಲ ಬಂತು, ಅವರು ಮೀನು ಮುಟ್ಟಲಿಲ್ಲ. ನಮ್ಮಲ್ಲಿಗೆ ಬಂದರೆ ಮಣೆಯ ಮೇಲೆ ಕೂತು ತೊವ್ವೆ ಅನ್ನ ಉಣ್ಣುತ್ತಿದ್ದರು. ತೊವ್ವೆಗೆ ಉಪ್ಪು ಎಷ್ಟಿದೆ ಎಂದು ಒಂದು ದಿನವೂ ಹೇಳಲಿಲ್ಲ. ಮೀನಿಗಷ್ಟೇ ಅವರ ನಾಲಿಗೆ ಇದ್ದದ್ದು. ದಕ್ಕೆಯಲ್ಲಿ ಚೌಕಾಸಿ ನಿಂತಿತು, ಕಿವಿರು ಎತ್ತಿ ನೋಡುವುದು ನಿಂತಿತು. ಮೀನು ಮಾರುವ ಹೆಂಗಸರಿಗೇ ಬೇಜಾರು. "ಬಾಯಿ ಬೈಯ್ಯದಿದ್ರೆ ಯಾಪಾರ ಸಪ್ಪೆ" ಎನ್ನುತ್ತಿದ್ದರು.

ಒಂದು ನವೆಂಬರಿನಲ್ಲಿ, ಕ್ರೈಸ್ತರು ಸತ್ತವರ ಗೋರಿಗಳಿಗೆ ಮೇಣದಬತ್ತಿ ಹಚ್ಚುವ ದಿನ, ನಾನು ಅವರ ಜೊತೆ ಮಂಕಿಗೆ ಹೋಗಿದ್ದೆ. ಅವರ ತಾಯಿಯ ಗೋರಿಗೆ ಬತ್ತಿ ಹಚ್ಚಿದ ಮೇಲೆ ಅಪ್ಪನ ಗೋರಿ ಎಲ್ಲಿ ಎಂದು ಕೇಳಿದೆ. ಆಗ ಹೇಳಿದರು. ಅಪ್ಪ ಮುಂಬಯಿಗೆ ಹೋಟೆಲಿನ ಅಡುಗೆ ಕೆಲಸಕ್ಕೆ ಹೋದವರು. ಮೊದಲು ಪತ್ರ ಬರುತ್ತಿತ್ತು, ಆಮೇಲೆ ನಿಂತಿತು. ಸತ್ತರೋ, ಬೇರೆ ಸಂಸಾರ ಹೂಡಿದರೋ, ಯಾರೂ ಹೇಳಲಿಲ್ಲ.

"ಅಮ್ಮ ಈ ದಿನ ಎಲ್ಲಾ ಗೋರಿಗೂ ಬತ್ತಿ ಹಚ್ಚೂದು. ಒಂದು ಬತ್ತಿ ಹೆಚ್ಚಿಗೆ ತರೂದು. ಹಚ್ಚಿದ್ರೆ ಸತ್ತ ಅಂತ ಆಗ್ತದೆ ಹೇಳಿ ಹಂಗೇ ಮನೆಗೆ ವಾಪಸ್ ತಕಂಡು ಹೋಗೂದು. ಅವ್ಳು ಹೋದ್ಮೇಲೆ ಪೆಟ್ಟಿಗೆ ತೆಗ್ದೆ ಅಕ್ಕೋರೇ. ಬರೀ ಬತ್ತಿ."

ನನಗೆ ನನ್ನ ಆಯಿಯ ನೆನಪಾಯಿತು. ಆಯಿಗೆ ಕನಿಷ್ಠ ಆ ಒಂದು ತುತ್ತಾದರೂ ಸಿಕ್ಕಿತ್ತು ಎನಿಸಿತು.

ಸುಕ್ರಾನ ಪರಿಹಾರಕ್ಕಾಗಿ ಅವರು ಕಾರವಾರದ ಆಫೀಸಿಗೆ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಹೆಣ ಇಲ್ಲದೆ ಸಾವು ಹೇಗೆ ಒಪ್ಪುವುದು ಎನ್ನುತ್ತಿದ್ದರು ಆಫೀಸಿನವರು. ಇವರು ಬೋಟಿನಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದೊಯ್ದು ಸಾಕ್ಷಿ ಹೇಳಿಸಿದರು. ಮಾದೇವನೂ ಹೋದ, ಗೊಣಗುತ್ತಲೇ ಹೋದ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವರ್ಷಗಳ ಮೇಲೆ ಪರಿಹಾರ ಬಂತು. ನಾನು ಸಂಭ್ರಮದಿಂದ ನೊಗ್ಲಿ ಮೀನು ಹುರಿದು, "ಇನ್ನಾದ್ರೂ ತಿನ್ನಿ, ದುಡ್ಡು ಬಂತಲ್ಲ" ಎಂದೆ.

"ದುಡ್ಡು ಬಂತು. ಅವ್ನು ಬರ್ಲಿಲ್ಲ" ಎಂದರು.

ಅವರ ಮುಖ ಬಾಡಿದ್ದಕ್ಕೆ ಬೇರೆ ಕಾರಣವೂ ಇತ್ತು. ಬುಧುವಾ ಊರಿನಲ್ಲಿದ್ದ ತಾಯಿಗೆ ತಮ್ಮ ಸತ್ತದ್ದನ್ನೇ ಹೇಳಿರಲಿಲ್ಲ. ಸುಕ್ರಾ ಗುಜರಾತಿನ ಬೋಟಿಗೆ ಹೋಗಿದ್ದಾನೆ, ಅಲ್ಲಿ ಫೋನು ಸಿಗುವುದಿಲ್ಲ ಎಂದು ನಂಬಿಸಿದ್ದ. ಪರಿಹಾರದ ಹಣವನ್ನು ಸುಕ್ರಾನ ದುಡಿಮೆ ಎಂದು ಹೇಳಿ ಕಳಿಸಿದ. ಆ ಮುದುಕಿ ಅದರಲ್ಲಿ ಮನೆಗೆ ಒಂದು ಕೋಣೆ ಕಟ್ಟಿಸಿದಳು, ಸುಕ್ರಾ ಮದುವೆಯಾದರೆ ಬೇಕಲ್ಲ ಎಂದು.

"ಹೇಳು ಮಗಾ" ಎಂದು ಸಿಸ್ಟರ್‌ಬಾಯಿ ಎಷ್ಟೋ ಸಲ ಹೇಳಿದ್ದರು. ಅವನು ತಲೆ ತಗ್ಗಿಸಿ ಕೂರುತ್ತಿದ್ದ. ಅವನನ್ನು ದಾಟಿ ತಾವೇ ಹೇಳಲು ಇವರ ಮನಸ್ಸು ಒಪ್ಪಲಿಲ್ಲ. ಹೇಳದೇ ಇರಲೂ ಒಪ್ಪಲಿಲ್ಲ. "ಇನ್ನೊಬ್ಳು ಬತ್ತಿ ಕಟ್ಟಿಡ್ತಾ ಇದಾಳೆ ಅಕ್ಕೋರೇ" ಎಂದರು ಒಂದು ದಿನ, ಕಣ್ಣಲ್ಲಿ ನೀರು ತುಂಬಿಕೊಂಡು. ಅವರು ಅತ್ತದ್ದನ್ನು ನಾನು ನೋಡಿದ್ದು ಅಂದೇ.

ಕಳೆದ ವರ್ಷ ಅವರ ಹೊಟ್ಟೆಯ ಕಾಯಿಲೆ ಬೆಳಕಿಗೆ ಬಂತು. ಕುಮಟಾದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಮಾಡುವಂಥದ್ದು ಹೆಚ್ಚೇನೂ ಉಳಿದಿಲ್ಲ ಎಂದು ಡಾಕ್ಟರು ಕಿರಿಯ ಸಿಸ್ಟರಿಗೆ ಹೇಳಿದರು. ಮಂಗಳೂರಿನ ತಮ್ಮ ಮಠಕ್ಕೆ ಬನ್ನಿ ಎಂದು ದೊಡ್ಡ ಸಿಸ್ಟರುಗಳು ಕರೆದರೂ ಇವರು ಹಟ ಹಿಡಿದು ನಮ್ಮ ಕೇರಿಗೇ ಬಂದು ಮಲಗಿದರು. ಸೀರೆಯೊಳಗೆ ಮನುಷ್ಯರೇ ಇಲ್ಲ ಎನ್ನುವಷ್ಟು ಸಣ್ಣಗಾಗಿದ್ದರು. ಗಂಜಿ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಡಾಕ್ಟರೇ ಹೇಳಿದ್ದಾರೆ, ಸ್ವಲ್ಪ ಮೀನಿನ ತಿಳಿ ಕುಡಿಯಿರಿ ಎಂದು ನಾನು ಗೋಗರೆದೆ.

"ಅವ್ನು ಬಂದ್ನಾ?" ಎಂದು ಕೇಳಿ ಗೋಡೆಯ ಕಡೆ ಹೊರಳಿದರು.

ನನಗೆ ಸಿಟ್ಟು ಬಂತು. ಸಾಯುವ ಮನುಷ್ಯರ ಮೇಲೆ ಸಿಟ್ಟು ಬರುವುದು ಎಂಥ ಸಂಕಟ, ಅನುಭವಿಸಿದವರಿಗೇ ಗೊತ್ತು.

ಆ ದಿನಗಳಲ್ಲೇ ಬುಧುವಾ ಓಡಿಬಂದ. ಈಗ ಅವನು ನಮ್ಮ ಹಾಗೆಯೇ ಕನ್ನಡ ಆಡುತ್ತಾನೆ. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು, "ಬುವಾ, ಅಮ್ಮ ಸುಕ್ರಾಗೆ ಹುಡುಗಿ ನೋಡಿದಾಳೆ. ಮಾತು ಕೊಟ್ಟಾಗದೆ" ಎಂದ.

ಸಿಸ್ಟರ್‌ಬಾಯಿ ಕಣ್ಣು ಮುಚ್ಚಿದರು. "ಇವತ್ತೇ ಹೇಳು" ಎಂದರು.

"ಎಂತ ಹೇಳ್ಲಿ? ಸತ್ತ ಅಂದ್ರೆ ಹೆಣ ಎಲ್ಲಿ ಅಂತಾಳೆ. ಎಲ್ಲಿ ಸುಟ್ರಿ, ಎಲ್ಲಿ ಹೂತ್ರಿ ಅಂತಾಳೆ. ಎಂತ ಮಾಡಿದ್ರಿ ನನ್ನ ಮಗಂಗೆ ಅಂತಾಳೆ. ಎಂತದೂ ಮಾಡ್ಲಿಲ್ಲ ಅಂತ ಹೇಳೂಕೆ ನನ್ನ ಹತ್ರ ಆಗೂದಿಲ್ಲ ಬುವಾ."

ಸಿಸ್ಟರ್‌ಬಾಯಿ ನನ್ನ ಕಡೆ ನೋಡಿದರು. ನಾನು ಎದ್ದು ಮಾದೇವನ ಮನೆಗೆ ಹೋದೆ.

ಮಾದೇವ ಬಲೆ ಹೊಲಿಯುತ್ತಿದ್ದ. ನಾನು ವಿಷಯ ಹೇಳಿ, "ಗರಿ ಸುಡ್ಸು. ಬೋಟು ಒಂದು ದಿನ ಕಟ್ಟು" ಎಂದೆ.

"ಇಷ್ಟು ವರ್ಷ ಆದ್ಮೇಲಾ? ಜನ ನಗ್ತ್ರು ಅಕ್ಕ."

"ನಗ್ಲಿ."

"ಅವ್ರ ಜಾತಿ ಯಾವ್ದೋ, ಪದ್ಧತಿ ಎಂತದೋ. ನಮ್ಮ ರೀತೀಲಿ ಮಾಡೂಕೆ ಆಗ್ತದಾ?"

"ಅದನ್ನೂ ಬಾಯಿ ಹತ್ರ ಕೇಳ್ಕಂಡೇ ಬಂದೆ. ಬುಧುವಾ ಒಪ್ಪಿದಾನೆ. ಬಂದರಲ್ಲಿ ಸತ್ತವ್ನು ಬಂದರಿನವ್ನು ಅಂದ್ರು ಬಾಯಿ." ಇದು ಸುಳ್ಳು. ಅವರು ಏನೂ ಹೇಳಿರಲಿಲ್ಲ. ಆದರೆ ಕೇಳಿದ್ದರೆ ಇದನ್ನೇ ಹೇಳುತ್ತಿದ್ದರು, ಇದರಲ್ಲಿ ನನಗೆ ಸಂಶಯವಿರಲಿಲ್ಲ.

ಅವನು ಬಲೆಯ ಗಂಟು ಬಿಗಿಯುತ್ತಲೇ ಇದ್ದ. ಆಗ ನಾನು ಹೇಳಿದೆ, "ತಮ್ಮ, ಆಯಿ ಆವತ್ತು ನುಂಗದೆ ಕೂತಿದ್ಲು. ನೀ ಸೆರಗು ಹಿಡ್ಕಂಡು ಹೇಳ್ತಿದ್ದೆ. ಅಲ್ಲೊಬ್ಳು ಮುದುಕಿ ಬಾಯಿಗೆ ಆ ತುತ್ತೂ ಬರ್ಲಿಲ್ಲ."

ಬಲೆಯ ಮೇಲೆ ಅವನ ಕೈ ನಿಂತಿತು. ಆಮೇಲೆ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದ. ಸಂಜೆಯವರೆಗೆ ಒಂದೊಂದು ಬೋಟಿನವರ ಮನೆಗೂ ಹೋಗಿ ಬಂದ. ಏನು ಹೇಳಿದನೋ, ಯಾರಿಂದ ಬೈಸಿಕೊಂಡನೋ ನನಗೆ ಗೊತ್ತಿಲ್ಲ. ಮರುದಿನ ಬಂದರಿನಲ್ಲಿ ಬೋಟುಗಳು ಕಟ್ಟಿದಲ್ಲೇ ಇದ್ದವು. ಮೂರೋ ನಾಲ್ಕೋ ಹೋದವು, ಸುಳ್ಳು ಹೇಳಬಾರದು. ಉಳಿದವು ಹೋಗಲಿಲ್ಲ.

ದಂಡೆಯಲ್ಲಿ ಹಿರಿಯರು ತೆಂಗಿನ ಗರಿ ಹೆಣೆದರು. ಹೆಸರು ಕೂಗುವಾಗ ತಾಯಿಯ ಹೆಸರನ್ನೂ ಸೇರಿಸಿ ಕೂಗಬೇಕು. ಯಾರಿಗೂ ಗೊತ್ತಿರಲಿಲ್ಲ, ಬುಧುವಾನಿಗೆ ಅಳುವಿನಲ್ಲಿ ಮಾತು ಹೊರಡಲಿಲ್ಲ. ಕಿರಿಯ ಸಿಸ್ಟರ್ ಮುಂದೆ ಬಂದು, "ಎತ್ವಾರಿ. ಅವರು ಹೇಳಿ ಕಳಿಸಿದ್ದಾರೆ, ಎತ್ವಾರಿ" ಎಂದರು. ಎತ್ವಾರಿಯ ಮಗ ಸುಕ್ರಾ ಎಂದು ಸಮುದ್ರಕ್ಕೆ ಕೇಳುವ ಹಾಗೆ ಕೂಗಿದರು. ಬೆಂಕಿ ಕೊಟ್ಟವನು ಬುಧುವಾ. ಮಾದೇವ ಅವನ ಹೆಗಲು ಹಿಡಿದುಕೊಂಡಿದ್ದ.

ಬುಧುವಾ ಅಲ್ಲಿಂದಲೇ ತಾಯಿಗೆ ಫೋನು ಮಾಡಿದ. ಅವರ ಭಾಷೆ ನಮಗೆ ತಿಳಿಯಲಿಲ್ಲ. ಆಚೆಯಿಂದ ಒಂದು ಕೂಗು ಬಂತು, ಅದು ತಿಳಿಯಿತು. ಬಹಳ ಹೊತ್ತಿನ ಮೇಲೆ ಅವಳು ಏನೋ ಕೇಳಿದಳು, ಇವನು ಉತ್ತರ ಹೇಳಿದ. ಏನು ಕೇಳಿದಳು ಎಂದೆ.

"ಇಷ್ಟು ವರ್ಷ ಅವ್ನಿಗೆ ಅಂತ ಯಾರಾದ್ರೂ ಎಂತಾದ್ರೂ ಮಾಡಿದ್ರಾ ಕೇಳಿದ್ಲು. ಒಬ್ರು ಮೀನು ಬಿಟ್ಟಿದಾರೆ ಅಂದೆ."

ಮಾರನೆಯ ದಿನ ಮೊದಲ ತುತ್ತಿನ ಪ್ರಶ್ನೆ ಬಂತು. ತಾಯಿ ಅಲ್ಲಿ, ಸಾರು ಇಲ್ಲಿ. ಕೇರಿಯ ಹೆಂಗಸರು ಹೆಚ್ಚು ಮಾತಾಡದೆ ತೀರ್ಮಾನಿಸಿದರು, ತುತ್ತು ಸಿಸ್ಟರ್‌ಬಾಯಿಗೆ. ನಾನು ಬಂಗಡೆ ಸಾರು ಮಾಡಿ ಒಯ್ದೆ. ಹಿಂದೆ ಅರ್ಧ ಕೇರಿ ಬಂತು.

ಅವರು ತಟ್ಟೆ ನೋಡಿದರು. ಮೂಗು ಅರಳಿತು, ನಾನು ಕಣ್ಣಾರೆ ನೋಡಿದೆ. ಆದರೆ ಕೈ ಮುಂದೆ ಬರಲಿಲ್ಲ.

"ಎತ್ವಾರಿ ಉಂಡ್ಲಾ?"

ಬುಧುವಾ ಇಲ್ಲವೆಂದು ತಲೆಯಾಡಿಸಿದ. ಫೋನು ಬಂದಾಗಿನಿಂದ ಅವಳು ಬಾಯಿಗೆ ನೀರೂ ಹಾಕಿರಲಿಲ್ಲ.

"ಹಂಗಾದ್ರೆ ನಾನು ಹೆಂಗೆ ಉಣ್ಲಿ? ಅವ್ಳು ತಾಯಿ. ಮೊದ್ಲು ಅವ್ಳು ಉಣ್ಲಿ."

ಅಂದು ಸಾರು ಹಾಗೇ ಉಳಿಯಿತು. ಕೇರಿಯೂ ಮೀನು ಉಣ್ಣಲಿಲ್ಲ. ಮಾದೇವನ ಮನೆಯಲ್ಲಿ ತೊವ್ವೆ, ನಮ್ಮ ಮನೆಯಲ್ಲಿ ತೊವ್ವೆ. ಮರುದಿನವೂ ಹಾಗೇ. ಸಿಸ್ಟರ್‌ಬಾಯಿಗೆ ಆಗ ಮಾತೂ ಕಷ್ಟವಾಗಿತ್ತು, ಬುಧುವಾನ ಕೈಯ ಫೋನನ್ನೇ ನೋಡುತ್ತಿದ್ದರು. ಅದರ ಮಾರನೆಯ ಮಧ್ಯಾಹ್ನ ಅದು ಬಡಿದುಕೊಂಡಿತು. ಬುಧುವಾ ಕೇಳಿಸಿಕೊಂಡು, "ಅಕ್ಕಪಕ್ಕದವ್ರು ಗಂಜಿ ಕುಡಿಸಿದ್ರಂತೆ. ಕುಡಿದ್ಲಂತೆ" ಎಂದ.

ನಾನು ಮನೆಗೆ ಓಡಿ ಹೊಸದಾಗಿ ಸಾರು ಮಾಡಿದೆ. ಬಿಸಿಬಿಸಿಯಾಗಿ ಒಯ್ದು ಅವರ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅನ್ನ ನುಂಗುವ ಶಕ್ತಿ ಇರಲಿಲ್ಲ. ಬೆರಳನ್ನು ಸಾರಿನಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಕಣ್ಣು ಮುಚ್ಚಿ ಚೀಪಿದರು. ಇಷ್ಟು ವರ್ಷದ ಮೇಲೆ ಮೀನಿನ ರುಚಿ. ಬಾಗಿಲಲ್ಲಿ ನಿಂತ ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು.

"ಉಪ್ಪು ಕಮ್ಮಿ ಆತು ಅಕ್ಕೋರೇ."

ಅಂದು ಕೇರಿಯಲ್ಲಿ ಮೀನು ಬೆಂದಿತು.

ಆ ವಾರ ಕಳೆಯುವುದರೊಳಗೆ ಅವರು ಹೋದರು. ಮಂಕಿಯಲ್ಲಿ ತಾಯಿಯ ಪಕ್ಕ ಮಲಗಿಸಿದರು. ಶವಪೆಟ್ಟಿಗೆಗೆ ಹೆಗಲು ಕೊಟ್ಟ ಬೋಟಿನ ಹುಡುಗರ ಹೆಸರು ಒಬ್ಬೊಬ್ಬರದೂ ಸಿಸ್ಟರ್‌ಬಾಯಿಗೆ ಗೊತ್ತಿತ್ತು, ಅವರ ತಾಯಂದಿರ ಹೆಸರೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಇನ್ನು ಯಾರು ಕೇಳುತ್ತಾರೆ ಎಂದು ಅಳು ಬಂತು.

ದಡದಲ್ಲಿ ಸತ್ತವರಿಗೆ ಮೀನು ಬಿಡುವ ರೂಢಿ ನಮ್ಮಲ್ಲಿಲ್ಲ. ಆದರೂ ಆ ದಿನ ಯಾರ ಮನೆಯಲ್ಲೂ ಮೀನು ಬೇಯಲಿಲ್ಲ, ಯಾರೂ ಯಾರಿಗೂ ಹೇಳಿರಲಿಲ್ಲ. ಮರುದಿನ ಮತ್ತೆ ಅದೇ ಪ್ರಶ್ನೆ, ಮೊದಲ ತುತ್ತು ಯಾರಿಗೆ? ತಾಯಿ ಇಲ್ಲ, ಗಂಡ ಇಲ್ಲ, ಹೆತ್ತ ಮಕ್ಕಳಿಲ್ಲ. ಮಾದೇವ ದಕ್ಕೆಗೆ ಹೋಗಿ ಬುಧುವಾನನ್ನು ಕೈಹಿಡಿದು ಕರೆತಂದ. ನಮ್ಮ ಅಡುಗೆಮನೆಯಲ್ಲಿ ಅವರು ಕೂರುತ್ತಿದ್ದ ಮಣೆಯ ಮೇಲೆ ಕೂರಿಸಿದ. ನಾನು ಅಂದು ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕಿದ್ದೆ.

ಬುಧುವಾ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಹಾಗೇ ಕೂತ. ಅಂಗಳದಲ್ಲಿ ಕೇರಿ ಕಾಯುತ್ತಿತ್ತು. ಮಾದೇವ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ನುಂಗು ತಮ್ಮಾ, ನುಂಗು" ಎಂದ. ಅವನು ನುಂಗಿದ.

"ಉಪ್ಪು ಹೆಂಗದೆ?" ಎಂದು ಕೇಳಿದೆ.

"ಸರೀ ಅದೆ ಅಕ್ಕೋರೇ" ಎಂದ.

ಸರಿಯಾಗಿದೆ ಎಂದುಬಿಟ್ಟ. ನಾನು ಒಲೆಯ ಮುಂದೆ ಕುಸಿದು ಕೂತು ಬಾಯಿಬಿಟ್ಟು ಅತ್ತೆ.